ಸರ್ವೆ ಮಾಡೋರಿಗೂ, ಸರ್ವೆಗೆ ಸಿಕ್ಕೋರಿಗೂ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸರ್ವೆ ಬಗ್ಗೇನೇ ಇದ್ವು. ಸೈಕಾಲಜಿ, ಸೋಶಿಯಲ್ ವರ್ಕ್ ಓದೋ ಹುಡುಗ್ರು ಹುಡುಗೀರು ಪ್ರಾಜೆಕ್ಟ್ ಫಾರಂ ಹಿಡ್ಕೊಂಡು ಶಿವಮೊಗ್ಗ ಸುತ್ತಮುತ್ತ ಮನೆ ಮನೆ ಓಡಾಡೋ ಕಾಲ ಇದು, ಹಾಗಾಗಿ ಪ್ರಶ್ನೆ ಕೇಳೋಕೆ ಹೋದೋರ ಪತ್ರಾನೂ ಬಂದಿದೆ, ಉತ್ತರ ಕೊಟ್ಟು ಕೂತೋರ ಪತ್ರಾನೂ ಬಂದಿದೆ. ಉತ್ತರ ಕೊಟ್ಟೋರಿಂದಲೇ ಶುರು ಮಾಡ್ತೀನಿ.

ಪ್ರಶ್ನೆ: ಮೇಡಂ, ಹೋದ ತಿಂಗಳು ಇಬ್ಬರು ಹೆಣ್ಮಕ್ಕಳು ನಮ್ಮನೆಗೆ ಬಂದಿದ್ರು. ಪಾಪ ಬಿಸಿಲಲ್ಲಿ ನಡ್ಕೊಂಡು ಬಂದಿದಾರೆ ಅಂತ ಒಳಗೆ ಕರ್ದು ಕುಡಿಯೋಕೆ ಕೊಟ್ವಿ. ಕೂತ ತಕ್ಷಣ ಒಂದು ಹಾಳೆ ಕೊಟ್ಟು ಇಲ್ಲೊಂದು ಸೈನ್ ಮಾಡಿ ಸರ್ ಅಂದ್ರು, ಮಾಡ್ದೆ. ಪ್ರಶ್ನೆ ಕೇಳ್ತಾ ಕೇಳ್ತಾ, ಬದುಕಿರೋದಕ್ಕಿಂತ ಸತ್ರೇ ವಾಸಿ ಅಂತ ಅನ್ಸಿದ್ಯಾ ಅಂತ ಕೇಳಿಬಿಟ್ರು. ಸೊಸೆ, ಮೊಮ್ಮಗ ಅಲ್ಲೇ ಇದ್ರು. ಇಲ್ಲ ಅಂದೆ. ನಮ್ಮನೆಯವಳು ತೀರ್ಕೊಂಡು ಎರಡು ವರ್ಷ ಆಯ್ತು. ಹೀಗೆಲ್ಲಾ ಕೇಳೋದು ಸರಿಯಾ?
(ನಿವೃತ್ತ ಮೇಷ್ಟ್ರು, ಸಾಗರ ತಾಲೂಕು)

ಉತ್ತರ: ಸರ್, ಕೇಳಿದ ರೀತಿ ಸರಿ ಇಲ್ಲ. ಆ ಪ್ರಶ್ನೆ ಮಾತ್ರ ಅವರು ಹುಟ್ಟಿಸ್ಕೊಂಡಿದ್ದಲ್ಲ, ಬಹುಶಃ ಪಿಎಚ್‌ಕ್ಯೂ-9 ಅನ್ನೋ, ಖಿನ್ನತೆ ಅಳೆಯೋ ಪ್ರಶ್ನಾವಳಿದು. ಅದ್ರಲ್ಲಿ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಹೇಗಿದ್ರಿ ಅಂತ, ಒಂದೊಂದಕ್ಕೂ 0ಯಿಂದ 3ರ ತನಕ ಅಂಕ, ಒಟ್ಟು 27. ಕೊನೇ ಪ್ರಶ್ನೆ ಇದೇ. ಸಾವಿನ ಬಗ್ಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೊಗುತ್ತೆ ಅಂತ ಜನ ಹೆದರ್ತಾರೆ, ಹಾಗಾಗಲ್ಲ ಅಂತಲೇ ಇದುವರೆಗಿನ ಅಧ್ಯಯನಗಳು ಹೇಳ್ತವೆ, ಸರಿಯಾಗಿ ಕೇಳಿದ್ರೆ ಎಷ್ಟೋ ಜನಕ್ಕೆ ಹಗುರಾನೂ ಆಗತ್ತೆ. ಆದ್ರೆ ಸೊಸೆ ಮೊಮ್ಮಗನ ಎದುರಿಗೆ ಕೇಳೋದಾ? ಹೌದು ಅಂತ ಯಾರಾದ್ರೂ ಹೇಳಿದ್ರೆ ಮುಂದೇನು ಮಾಡ್ಬೇಕು, ಯಾರ ಹತ್ರ ಕಳಿಸ್ಬೇಕು ಅನ್ನೋ ತಯಾರಿ ಇಟ್ಕೊಂಡೇ ಆ ಪ್ರಶ್ನೆ ಕೇಳ್ಬೇಕು. ಆ ಮಕ್ಕಳ ಹತ್ರ ಅಂಥದ್ದೇನೂ ಇದ್ದ ಹಾಗೆ ನಿಮ್ಮ ಪತ್ರದಿಂದ ಕಾಣಲ್ಲ.

ಇನ್ನು ಆ ಸೈನ್. ಒಪ್ಪಿಗೆ ಅಂದ್ರೆ ಇದು ಯಾತಕ್ಕೆ, ಎಷ್ಟು ಹೊತ್ತು, ಏನೇನು ಕೇಳ್ತೀವಿ, ನನ್ನ ಉತ್ತರ ಯಾರು ನೋಡ್ತಾರೆ, ಬೇಡ ಅಂದ್ರೆ ನಡುವಲ್ಲೇ ನಿಲ್ಲಿಸಬಹುದು, ಇಷ್ಟನ್ನೂ ನಮ್ಮ ಮಾತಲ್ಲಿ ತಿಳಿಸಿ, ಯೋಚನೆ ಮಾಡೋಕೆ ಪುರುಸೊತ್ತು ಕೊಟ್ಟು, ಆಮೇಲೆ ಕೇಳೋದು. ಓದೋಕೆ ಬರದೋರಾದ್ರೆ ಓದಿ ಹೇಳಿ, ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಎದುರಿಗೆ ಹೆಬ್ಬೆಟ್ಟು ಒತ್ತಿಸ್ಕೋಬೇಕು. ಇದು 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲೇ ಇದೆ. ಹಿಂದೆ ಹೋದ್ರೆ, ನಾಜಿ ವೈದ್ಯರ ವಿಚಾರಣೆಯಿಂದ ಬಂದ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲನೇ ಮಾತೇ ಸ್ವಇಚ್ಛೆಯ ಒಪ್ಪಿಗೆ ಬೇಕೇ ಬೇಕು ಅಂತ. ಅಷ್ಟಾದ ಮೇಲೂ ಅಮೆರಿಕದ ಟಸ್ಕೆಗೀಯಲ್ಲಿ 1932ರಲ್ಲಿ ಶುರುವಾದ ಸಿಫಿಲಿಸ್ ಅಧ್ಯಯನ 1972ರ ತನಕ ನಡೀತು, ಬಡ ಕಪ್ಪು ಜನಕ್ಕೆ ಔಷಧಿ ಬಂದ ಮೇಲೂ ಕೊಡದೆ ಕಾಯಿಲೆ ಹೇಗೆ ಬೆಳೆಯತ್ತೆ ಅಂತ ನೋಡ್ತಾ ಕೂತ್ರು. ಅದರ ಸಂಕಟದಿಂದ ಹುಟ್ಟಿದ್ದು, ಜನರ ಮೇಲೆ ಮಾಡೋ ಸಂಶೋಧನೆಗೆ ನೀತಿ ಹೇಳೋ 1979ರ ಬೆಲ್ಮಾಂಟ್ ವರದಿ.

ನಮ್ಮ ಮಲ್ನಾಡಲ್ಲಿ ಇನ್ನೊಂದು ತೊಡಕಿದೆ ಸರ್. ಮನೆಗೆ ಬಂದೋರಿಗೆ ಇಲ್ಲ ಅನ್ನೋಕೆ ನಮಗೆ ಬಾಯೇ ಬರಲ್ಲ. ಕಾಫಿ ಕೊಟ್ಟ ಮೇಲಂತೂ ಮುಗೀತು, ಕೇಳಿದ್ದಕ್ಕೆಲ್ಲ ಹ್ಞೂಂ. ಅದು ಮರ್ಯಾದೆ. ಅದನ್ನ ಒಪ್ಪಿಗೆ ಅಂತ ಬರ್ಕೊಂಡು ಹೋಗೋದು ತಪ್ಪು.

ಈ ವಿಷಯದಲ್ಲಿ ನನಗೊಂದು ಮುಖ ಮರೆಯೋಕೆ ಆಗಲ್ಲ. ಎಂ.ಎ. ಓದ್ತಿದ್ದಾಗ ಹೊಸನಗರದ ಕಡೆ ಒಂದು ಮನೆಗೆ ಹೋಗಿದ್ದೆ, ಜುಲೈ ತಿಂಗಳು, ಮಳೆ ಅಂದ್ರೆ ಮಳೆ. ಜಗಲಿ ಮೇಲೆ ಅಜ್ಜಿ ಕೂತಿದ್ರು, ಪಕ್ಕದಲ್ಲಿ ಮಗ ಅಡಿಕೆ ಸುಲಿಯೋ ಮೆಟ್ಟುಗತ್ತಿ ಒರೆಸ್ತಾ ಕೂತಿದ್ದ. ನಾನು ಕೇಳಿದ ಪ್ರತಿ ಪ್ರಶ್ನೆಗೂ ಅಜ್ಜಿ ಮೊದಲು ಮಗನ ಮುಖ ನೋಡಿ, ಆಮೇಲೆ "ಅಂಥದ್ದೇನಿಲ್ಲ, ಚೆನ್ನಾಗಿದೀವಿ" ಅಂತಿದ್ರು. ಎಲ್ಲಾ ಸೊನ್ನೆ. ಹದಿನೇಳನೇ ಫಾರಂ ಅದು. ಹೊರಟೆ, ಅಜ್ಜಿ ಕೊಡೆ ಹಿಡ್ಕೊಂಡು ದಣಪೆ ತನಕ ಬಂದ್ರು, ಅಡ್ಡಗೋಲು ಸರಿಸ್ತಾ ಮೆಲ್ಲಗೆ "ರಾತ್ರಿ ನಿದ್ದೆ ಅನ್ನೋದೇ ಇಲ್ಲ ಮಗಾ" ಅಂದ್ರು. ನಾನು ಅಲ್ಲೇ ಮಳೇಲಿ ಅರ್ಧ ಗಂಟೆ ನಿಂತು ಕೇಳಿದೆ. ಆ ಮಾತನ್ನ ಫಾರಂಗೆ ಸೇರಿಸ್ಲಿಲ್ಲ, ಯಾಕಂದ್ರೆ ಅದನ್ನ ಅವರು ಸರ್ವೆಗೆ ಹೇಳಿದ್ದಲ್ಲ, ನನಗೆ ಹೇಳಿದ್ದು. ಹದಿನೇಳನೇ ಫಾರಂನೂ ಲೆಕ್ಕಕ್ಕೆ ತಗೊಳ್ಳಲಿಲ್ಲ, ಯಾಕೆ ಬಿಟ್ಟೆ ಅಂತ ಪ್ರಬಂಧದಲ್ಲಿ ಬರೆದೆ. ಅದನ್ನ ಹಾಗೇ ಸೇರಿಸಿದ್ರೆ ಏನಾಗ್ತಿತ್ತು? ಆ ಸೊನ್ನೆಗಳು ಸರಾಸರೀನ ಕೆಳಗೆ ಎಳೀತವೆ, ಅಂಥ ಹತ್ತು ಮನೆ ಸೇರಿದ್ರೆ "ಮಲೆನಾಡಿನ ಹಿರಿಯರಲ್ಲಿ ಖಿನ್ನತೆ ಕಡಿಮೆ" ಅನ್ನೋ ತೀರ್ಮಾನಾನೇ ಬರತ್ತೆ. ನಿಮ್ಮನೇಲಿ ನಡೆದಿದ್ದೂ ಇದೇ ಸರ್. ನಿಮ್ಮ ಮರ್ಯಾದೆಗೆ ಕಾವಲು ಇರ್ಲಿಲ್ಲ, ಹಾಗಾಗಿ ಅವರಿಗೆ ನಿಜವಾದ ಉತ್ತರಾನೂ ಸಿಗ್ಲಿಲ್ಲ.

ಒಪ್ಪಿಗೆ ಹಾಳೆಯ ಒಂದು ಪ್ರತಿ ನಿಮಗೆ ಕೊಟ್ಟಿರಬೇಕಿತ್ತು, ಅದ್ರಲ್ಲಿ ಫೋನ್ ನಂಬರ್ ಇರಬೇಕಿತ್ತು. ಆ ಕಾಲೇಜಿನ ವಿಭಾಗಕ್ಕೆ ಪತ್ರ ಬರೆದು ನನ್ನ ಉತ್ತರ ತೆಗೆದುಹಾಕಿ ಅಂತ ಈಗ್ಲೂ ಕೇಳಬಹುದು. ಮತ್ತೆ ಸರ್, ಆವತ್ತು ನೀವು ಹೇಳಿದ "ಇಲ್ಲ" ನಿಜವಾಗ್ಲೂ ಇಲ್ಲಾನೇ ಆಗಿದ್ರೆ ಸಂತೋಷ. ಆಗಿಲ್ದೇ ಇದ್ರೆ, ಟೆಲಿ ಮಾನಸ್ ಅಂತ ಸರ್ಕಾರದ್ದೇ ಲೈನ್ ಇದೆ, 14416, ದುಡ್ಡಿಲ್ಲ, ದಿನದ 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ತೋಟದ ಕಡೆ ಹೋದಾಗ ಒಬ್ರೇ ಕೂತು ಫೋನ್ ಮಾಡಿ.

ಪ್ರಶ್ನೆ: ಮೇಡಂ, ನನ್ನ ಡಿಸರ್ಟೇಶನ್ ಅಡಿಕೆ ಬೆಳೆಗಾರರ ಸ್ಟ್ರೆಸ್ ಮೇಲೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿರೋರು 31 ಜನ, ಬಾರದೇ ಇರೋರು 31 ಜನ. ಎರಡು ಗುಂಪಿನ ಸರಾಸರಿ ಹೋಲಿಸೋ ಟಿ ಟೆಸ್ಟ್ ಹಾಕಿದ್ರೆ ಪಿ ವ್ಯಾಲ್ಯೂ 0.07 ಬಂತು. ರೋಗ ಬಂದೋರಲ್ಲಿ ಇಬ್ಬರ ಸ್ಕೋರ್ ತೀರಾ ಕಮ್ಮಿ ಇದೆ, ಆ ಔಟ್‌ಲೈಯರ್ ಎರಡು ತೆಗೆದ್ಬಿಡು, 0.04 ಆಗತ್ತೆ, ಎಲ್ರೂ ಮಾಡೋದೇ ಅದು ಅಂತ ಸೀನಿಯರ್ ಒಬ್ರು ಹೇಳಿದ್ರು. ತೆಗೆದು ನೋಡ್ದೆ, ಹೌದು ಆಗತ್ತೆ. ವೈವಾಗೆ ಇನ್ನು 12 ದಿನ. ಏನ್ಮಾಡ್ಲಿ?
(ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ತೆಗೀಬೇಡ ಮಗಾ. ನೀನು ನನ್ನ ವಿದ್ಯಾರ್ಥಿಗಳ ವಯಸ್ಸಿನವಳು, ಹಾಗಾಗಿ ನೀನು ಅಂತಲೇ ಬರೀತೀನಿ.

ಮೊದಲು ಪಿ ವ್ಯಾಲ್ಯೂ ಅಂದ್ರೆ ಏನು ಅನ್ನೋದು ಗಟ್ಟಿಯಾಗ್ಲಿ. ಕ್ಲಾಸಲ್ಲಿ ನಾನಿದನ್ನ ಕಾಫೀಲಿ ಮಾಡಿ ತೋರಿಸ್ತಿದ್ದೆ. ಚಿಕೋರಿ ಹಾಕಿದ ಕಾಫಿ ಒಂದು ಗುಟುಕಲ್ಲೇ ಗೊತ್ತಾಗತ್ತೆ ಅನ್ನೋರು ಪ್ರತಿ ವರ್ಷ ಒಬ್ಬರಾದ್ರೂ ಇರ್ತಿದ್ರು. ಎಂಟು ಲೋಟ ಇಡೋದು, ನಾಲ್ಕಕ್ಕೆ ಚಿಕೋರಿ ಇದೆ, ನಾಲ್ಕಕ್ಕಿಲ್ಲ, ಹೆಂಗೆಂಗೋ ಕಲಸಿ ಇಟ್ಟು ಚಿಕೋರಿ ಇರೋ ನಾಲ್ಕನ್ನ ಆರಿಸು ಅನ್ನೋದು. ಎಂಟರಲ್ಲಿ ನಾಲ್ಕನ್ನ ಆರಿಸೋಕೆ 70 ದಾರಿ ಇದೆ, ಏನೂ ಗೊತ್ತಿಲ್ದೇ ಊಹೆ ಮೇಲೆ ನಾಲ್ಕೂ ಸರಿ ಬರೋ ಸಾಧ್ಯತೆ 70ರಲ್ಲಿ 1, ನೂರಕ್ಕೆ ಒಂದೂವರೆಗಿಂತ ಕಮ್ಮಿ. ಆಗ ಇವಳಿಗೆ ಗೊತ್ತಾಗತ್ತೆ ಅಂತ ನಂಬೋಕೆ ಕಾರಣ ಇದೆ. ನಾಲ್ಕರಲ್ಲಿ ಮೂರು ಸರಿ ಹೇಳಿದ್ರೆ? ಕೇಳೋಕೆ ದೊಡ್ಡದಾಗೇ ಕಾಣತ್ತೆ, ಆದ್ರೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸುಮ್ನೆ ಊಹೆಯಿಂದಲೇ ಬರೋದು 70ರಲ್ಲಿ 17 ಸಲ, ಹತ್ರ ಹತ್ರ ನೂರಕ್ಕೆ 24. ಅದರ ಮೇಲೆ ಏನೂ ಹೇಳೋಕಾಗಲ್ಲ. ಇದು ನನ್ನ ಐಡಿಯಾ ಅಲ್ಲ, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಹಾಲು ಮೊದಲು ಹಾಕಿದ ಟೀನೋ ಆಮೇಲೆ ಹಾಕಿದ್ದೋ ಅಂತ ಗುರುತಿಸ್ತೀನಿ ಅಂದ ಹೆಂಗಸಿನ ಲೆಕ್ಕದಲ್ಲಿ ಬರೆದಿದ್ದು.

ಅಂದ್ರೆ ನಿನ್ನ 0.07ರ ಅರ್ಥ ಇಷ್ಟೇ: ನಿಜವಾಗ್ಲೂ ಎರಡು ಗುಂಪಿಗೆ ಏನೂ ವ್ಯತ್ಯಾಸ ಇಲ್ಲದೇ ಇದ್ದಿದ್ರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ನೂರಕ್ಕೆ ಏಳು ಸಲ ಕಾಣ್ತಿತ್ತು. "ನನ್ನ ಊಹೆ ತಪ್ಪಾಗಿರೋ ಸಾಧ್ಯತೆ ಶೇ. 7" ಅಂತಲ್ಲ, ವೈವಾದಲ್ಲಿ ಹಾಗೆ ಹೇಳಿಬಿಡಬೇಡ. 0.05ಕ್ಕಿಂತ ಕಮ್ಮಿ ಬಂದ್ರೆ "ಸಿಗ್ನಿಫಿಕೆಂಟ್", ಅಂದ್ರೆ ಬರೀ ಆಕಸ್ಮಿಕ ಅನ್ನೋಕಾಗಲ್ಲ, ಅಂತ ಎಣಿಸೋ ಗೆರೆನೂ ಫಿಶರ್ 1925ರ ಪುಸ್ತಕದಲ್ಲಿ ಅನುಕೂಲಕ್ಕೆ ಅಂತ ಹಾಕಿದ್ದು, ಅದು ಗದ್ದೆ ಅಂಚಲ್ಲ, ಆ ಕಡೆ ಬೆಳೆ ಈ ಕಡೆ ಬಂಜರು ಅನ್ನೋಕೆ.

ಈಗ ಆ ಇಬ್ಬರು. ಅವರನ್ನ ಯಾಕೆ ತೆಗೀಬೇಕು ಅಂತ ಕೇಳಿದ್ರೆ ನಿನ್ನ ಹತ್ರ ಇರೋ ಕಾರಣ ಒಂದೇ, ಉತ್ತರ ನಮಗೆ ಬೇಕಾದ ಹಾಗೆ ಇಲ್ಲ. ಅದು ಕಾರಣ ಅಲ್ಲ. ಮೂಲ ಫಾರಂ ತೆಗೆದು ನೋಡು. ಎಂಟ್ರಿ ಮಾಡುವಾಗ ತಪ್ಪಾಗಿದ್ರೆ ತಿದ್ದು. ಅವರು ಬೆಳೆಗಾರರೇ ಅಲ್ಲ, ಇನ್ಯಾರೋ ತುಂಬಿದಾರೆ ಅಂತಾದ್ರೆ ತೆಗಿ, ತೆಗೆದೆ ಅಂತ ಬರಿ. ಇಂಥ ಸ್ಕೋರ್ ಬಂದ್ರೆ ಬಿಡ್ತೀನಿ ಅಂತ ಡೇಟಾ ನೋಡೋಕೆ ಮುಂಚೆನೇ ನಿಯಮ ಮಾಡ್ಕೊಂಡಿದ್ರೂ ಸರಿ. ಇದ್ಯಾವುದೂ ಇಲ್ಲಾಂದ್ರೆ ಆ ಇಬ್ಬರು ಇರ್ಲಿ. ತೋಟಕ್ಕೆ ರೋಗ ಬಂದು ಹೆಡ್ಲು ಒಣಗ್ತಿದ್ರೂ ತಲೆಬಿಸಿ ಇಲ್ದೇ ಇರೋ ಇಬ್ಬರು ಯಾರು? ಕಾಳುಮೆಣಸಿನ ಆದಾಯ ಇದ್ಯಾ, ಮಗಳಿಗೆ ಕೆಲಸ ಸಿಕ್ಕಿದ್ಯಾ, ಸಾಲ ಇಲ್ವಾ? ನಿನ್ನ 62 ಜನರಲ್ಲಿ ನಾನಾದ್ರೆ ಮೊದಲು ವಾಪಸ್ ಹೋಗಿ ಮಾತಾಡಿಸೋದು ಅವರನ್ನೇ, ಅದೂ ಮತ್ತೆ ಅವರ ಒಪ್ಪಿಗೆ ಕೇಳಿ.

ಎಲ್ರೂ ಮಾಡ್ತಾರೆ ಅನ್ನೋ ಮಾತಿಗೆ ಉತ್ತರ ಕೊಡ್ಲೇಬೇಕು, ಯಾಕಂದ್ರೆ ಅದರಿಂದ ನಮ್ಮ ವಿಷಯಕ್ಕೇ ಏಟು ಬಿದ್ದಿದೆ. ನಿಜವಾಗಿ ಏನೂ ಇಲ್ಲದ ಕಡೆ 0.05ರ ಗೆರೆ ಇಟ್ಕೊಂಡು 20 ಬೇರೆ ಬೇರೆ ಟೆಸ್ಟ್ ಹಾಕಿದ್ರೆ, ಒಂದಾದ್ರೂ "ಸಿಗ್ನಿಫಿಕೆಂಟ್" ಬರೋ ಸಾಧ್ಯತೆ ನೂರಕ್ಕೆ 64. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಅನ್ನೋ ಮೂವರು ಸಂಶೋಧಕರು, ಹೀಗೆ ಬೇಕಾದ್ದನ್ನ ಸೇರಿಸಿ ಬೇಡದ್ದನ್ನ ಬಿಟ್ರೆ ಒಂದು ಹಾಡು ಕೇಳಿದೋರ ವಯಸ್ಸೇ ಕಮ್ಮಿ ಆಯ್ತು ಅಂತಲೂ ತೋರಿಸಬಹುದು ಅಂತ ಮಾಡಿಯೇ ತೋರಿಸಿದ್ರು, ಎಲ್ರಿಗೂ ಎಚ್ಚರ ಆಗ್ಲಿ ಅಂತ. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದ್ರು. ಮೂಲದಲ್ಲಿ ಶೇ. 97ರಷ್ಟು ಸಿಗ್ನಿಫಿಕೆಂಟ್ ಇದ್ವು, ಮತ್ತೆ ಮಾಡಿದಾಗ ಶೇ. 36. ಆ ಪೇಪರ್‌ಗಳನ್ನ ನಂಬಿ ಎಷ್ಟು ಜನ ಪಾಠ ಮಾಡಿದ್ರು, ನಾನೂ ಮಾಡಿದೀನಿ. ಮನಸ್ಸಿಗೆ ಬಹಳ ಬೇಜಾರಾದ ವರ್ಷ ಅದು.

ಹಾಗಾಗಿ ಹೀಗೆ ಬರಿ. 62 ಜನರದ್ದೂ ಸೇರಿಸಿದ ಫಲಿತಾಂಶ ಮುಖ್ಯ ಕೋಷ್ಟಕದಲ್ಲಿ. ಬರೀ ಪಿ ವ್ಯಾಲ್ಯೂ ಬೇಡ, ಎರಡು ಗುಂಪಿನ ಸರಾಸರಿ ವ್ಯತ್ಯಾಸ ಎಷ್ಟು, ಅದರ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದ್ರೆ ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿ ತನಕ ಇರಬಹುದು ಅನ್ನೋ ಅಂದಾಜು, ಎಷ್ಟು ಅಂತ ಕೊಡು. ಇಬ್ಬರನ್ನ ಬಿಟ್ಟು ನೋಡಿದಾಗ 0.04 ಬಂತು ಅಂತ ಕೆಳಗೆ ಬಚ್ಚಿಡದೇ ಬರಿ. ಮಿತಿಗಳು ಅನ್ನೋ ಭಾಗದಲ್ಲಿ ಇನ್ನೊಂದು ವಿಷಯ ಹಾಕು: ಮಧ್ಯಮ ಗಾತ್ರದ ವ್ಯತ್ಯಾಸ ನಿಜವಾಗ್ಲೂ ಇದ್ರೂ, ಗುಂಪಿಗೆ 31 ಜನ ಇಟ್ಕೊಂಡು ಅದನ್ನ ಹಿಡಿಯೋ ಸಾಧ್ಯತೆ ಹತ್ರ ಹತ್ರ ಅರ್ಧಕ್ಕರ್ಧ ಮಾತ್ರ. ನೂರಕ್ಕೆ 80 ಸಲ ಸಿಗಬೇಕು ಅಂದ್ರೆ ಗುಂಪಿಗೆ 64 ಜನ ಬೇಕಿತ್ತು. 30 ಸಾಕು 30 ಸಾಕು ಅಂತ ಹೇಳ್ಕೊಂಡು ಬಂದಿರೋ ನಾವು ಮೇಷ್ಟ್ರುಗಳೂ ಇದಕ್ಕೆ ಹೊಣೆ. ಮತ್ತೆ ಡೇಟಾ ಯಾವ ತಿಂಗಳು ತಗೊಂಡೆ ಅಂತ ಬರೆದಿಲ್ಲ ನೀನು. ಒಂದು ಗುಂಪಿನ ಮನೆಗೆ ಕೊಳೆ ಔಷಧಿ ಹೊಡೆಯೋ ಮಳೆಗಾಲದಲ್ಲಿ, ಇನ್ನೊಂದು ಗುಂಪಿಗೆ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ ಹೋಗಿದ್ರೆ, ನೀನು ಅಳೆದಿದ್ದು ಎಲೆಚುಕ್ಕಿನಾ ತಿಂಗಳನ್ನಾ ಅಂತ ಪರೀಕ್ಷಕರು ಖಂಡಿತ ಕೇಳ್ತಾರೆ.

0.07ಕ್ಕೆ ಯಾರೂ ಫೇಲ್ ಮಾಡಲ್ಲ. ಧೈರ್ಯವಾಗಿ ಹೋಗು.

ಪ್ರಶ್ನೆ: ನಮ್ಮ ಸಂಘದ ಸಭೆಯಲ್ಲಿ ಸದಸ್ಯರ ಸರಾಸರಿ ಆದಾಯ ಎಂಟೂಮುಕ್ಕಾಲು ಲಕ್ಷದ ಹತ್ರ ಅಂದ್ರು. ನಮ್ಮ ಕೇರೀಲಿ ಯಾರಿಗೂ ಅಷ್ಟಿಲ್ಲ. ಲೆಕ್ಕ ಸುಳ್ಳಾ?
(ಓದುಗರು, ಕೊಪ್ಪ)

ಉತ್ತರ: ಲೆಕ್ಕ ಸರಿನೇ ಇರಬಹುದು. ಒಂಬತ್ತು ಮನೆಗೆ ಮೂರು ಮೂರು ಲಕ್ಷ, ಒಂದು ಮನೆಗೆ 60 ಲಕ್ಷ ಅಂದ್ಕೊಳ್ಳಿ. ಒಟ್ಟು 87, ಹತ್ತರಿಂದ ಭಾಗಿಸಿದ್ರೆ 8.7 ಲಕ್ಷ. ಆ ಹತ್ತರಲ್ಲಿ ಒಂಬತ್ತು ಮನೆಗೆ ಅಷ್ಟಿಲ್ಲ ನೋಡಿ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದ್ದನ್ನ ತಗೊಂಡ್ರೆ ಮೂರು ಲಕ್ಷ, ಅದಕ್ಕೆ ಮಧ್ಯಾಂಕ ಅಂತಾರೆ. ಮುಂದಿನ ಸಭೆಯಲ್ಲಿ ಅದನ್ನ ಕೇಳಿ.

ಪ್ರಶ್ನೆ: ಮೊಬೈಲ್ ಜಾಸ್ತಿ ನೋಡೋ ಮಕ್ಕಳಿಗೆ ಮಾರ್ಕ್ಸ್ ಕಮ್ಮಿ ಅಂತ ಪೇಪರಲ್ಲಿ ಓದಿ ಮಗನ ಮೊಬೈಲ್ ಕಿತ್ತಿಟ್ಟಿದೀನಿ. ಈಗ ಮಾರ್ಕ್ಸ್ ಜಾಸ್ತಿ ಆಗತ್ತಾ?
(ಒಬ್ಬ ತಾಯಿ, ಭದ್ರಾವತಿ)

ಉತ್ತರ: ಆ ಸುದ್ದಿಯಿಂದ ಅಷ್ಟು ಹೇಳೋಕಾಗಲ್ಲಮ್ಮ. ನಮ್ಮಲ್ಲಿ ಛತ್ರಿ ಜಾಸ್ತಿ ಮಾರಾಟ ಆದ ವರ್ಷ ಅಡಿಕೆಗೆ ಕೊಳೆನೂ ಜಾಸ್ತಿ. ಛತ್ರಿಯಿಂದ ಕೊಳೆ ಬರತ್ತಾ? ಎರಡಕ್ಕೂ ಹಿಂದೆ ಮಳೆ ಇದೆ. ಹಾಗೇ ಮೊಬೈಲ್ ಹಿಂದೆ, ಮಾರ್ಕ್ಸ್ ಹಿಂದೆ ನಿದ್ದೆ ಕೆಟ್ಟಿರೋದು ಇರಬಹುದು, ಮನೇಲಿ ಜಗಳ ಇರಬಹುದು, ಅಥವಾ ಪಾಠ ಅರ್ಥ ಆಗದೇ ಬೇಸತ್ತ ಹುಡುಗ ಮೊಬೈಲ್ ಹಿಡಿದಿರಬಹುದು, ಅಂದ್ರೆ ಕಾರಣ ಉಲ್ಟಾ. ಎರಡು ವಿಷಯ ಒಟ್ಟಿಗೆ ಏರಿಳಿಯೋದಕ್ಕೆ ಕೋರಿಲೇಶನ್ ಅಂತಾರೆ, ಅದನ್ನ ಅಳೆಯೋ ಒಂದು ವಿಧಾನ ಸ್ಪಿಯರ್‌ಮನ್ ಅನ್ನೋರ ಹೆಸರಲ್ಲಿದೆ. ಮೈಸೂರಿನ ಮಹಾರಾಜ ಕಾಲೇಜಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಲ್ಲಿ ಅವರ ಹತ್ರಾನೇ ಕಲಿತು ಬಂದೋರು.

ಇದೇ ಕಾರಣ ಅಂತ ಗಟ್ಟಿಯಾಗಿ ಹೇಳ್ಬೇಕಾದ್ರೆ ಮಕ್ಕಳನ್ನ ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮೊಬೈಲ್ ಕಮ್ಮಿ ಮಾಡಿಸಿ ನೋಡ್ಬೇಕು. ಚೀಟಿ ಎತ್ತಿದ್ರೆ ಬಡವ ಶ್ರೀಮಂತ, ನಿದ್ದೆ ಇರೋನು ಇಲ್ದೋನು ಎರಡೂ ಕಡೆ ಹಂಚಿಹೋಗ್ತಾರೆ. ನೀವು ಸದ್ಯಕ್ಕೆ ರಾತ್ರಿ ಹೊತ್ತು ಮೊಬೈಲ್ ಹೊರಗಿಡಿಸಿ, ಹಗಲು ವಾಪಸ್ ಕೊಡಿ, ಯಾವ ಪಾಠ ಅರ್ಥ ಆಗ್ತಿಲ್ಲ ಅಂತ ಪಕ್ಕ ಕೂತು ಕೇಳಿ.

ಪ್ರಶ್ನೆ: ಇಂಗ್ಲಿಷ್ ಪ್ರಶ್ನಾವಳಿಯನ್ನ ಫೋನಲ್ಲೇ ಕನ್ನಡ ಮಾಡಿ 40 ಜನರಿಂದ ತುಂಬಿಸಿದೆ. ಕ್ರಾನ್‌ಬ್ಯಾಕ್ ಆಲ್ಫಾ 0.52 ಬಂದಿದೆ. ಜನ ಸರಿಯಾಗಿ ಉತ್ತರ ಕೊಟ್ಟಿಲ್ಲ ಅನ್ಸತ್ತೆ.
(ಸಂಶೋಧನಾ ವಿದ್ಯಾರ್ಥಿ, ಸೊರಬ)

ಉತ್ತರ: ಜನರ ಮೇಲೆ ಹಾಕ್ಬೇಡಿ. ಆಲ್ಫಾ ಅಂದ್ರೆ ಒಂದೇ ವಿಷಯ ಕೇಳೋ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದ್ಕೊಂಡಿವೆ ಅನ್ನೋ ಅಳತೆ, 0.7ರ ಮೇಲಿರ್ಲಿ ಅಂತ ರೂಢಿ. ನೀವು ಕಳಿಸಿದ ಹಾಳೇಲಿ ಮೂರನೇ ಪ್ರಶ್ನೆ "ನೀವು ಖಿನ್ನತೆಯನ್ನು ಅನುಭವಿಸುತ್ತಿಲ್ಲವೆಂಬುದು ನಿಜವಲ್ಲವೇ" ಅಂತಿದೆ. ಇದಕ್ಕೆ ಹೌದು ಅನ್ಬೇಕಾ ಇಲ್ಲ ಅನ್ಬೇಕಾ? ನಾನು ಎರಡು ಸಲ ಓದಿ ನಿಂತೆ. ಖಿನ್ನತೆ ಅನ್ನೋ ಪದ ನಮ್ಮ ಊರಲ್ಲಿ ಯಾರ ಬಾಯಲ್ಲೂ ಬರಲ್ಲ. ಚಿಂತೆಗೆ ತಲೆಬಿಸಿ ಅಂತಾರೆ, ಬೇಜಾರು ಅಂದ್ರೆ ದುಃಖಾನೂ ಹೌದು, ಹೊತ್ತು ಹೋಗದೇ ಇರೋದೂ ಹೌದು, ಯಾರೋ ಮಾತಾಡಿದ್ದು ನೋವಾಗಿರೋದೂ ಹೌದು. "ಬೇಜಾರಾಗತ್ತಾ" ಅಂತ ಕೇಳಿದ್ರೆ ನಿಮಗೆ ಬರೋ ಹೌದುಗಳು ಮೂರು ಥರದವು.

ಮತ್ತೆ ಮಾಡಿ. ಎರಡೂ ಭಾಷೆ ಬರೋ ಒಬ್ಬರು ಕನ್ನಡ ಮಾಡ್ಲಿ, ಮೂಲ ನೋಡದೇ ಇರೋ ಇನ್ನೊಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ತರ್ಲಿ, ಎರಡು ಇಂಗ್ಲಿಷನ್ನೂ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ನಾಲ್ಕೈದು ಜನರ ಜೊತೆ ಕೂತು, ಈ ಪ್ರಶ್ನೆ ನಿಮಗೆ ಹೇಗೆ ಅರ್ಥ ಆಯ್ತು ಅಂತ ಬಾಯಿಬಿಟ್ಟು ಹೇಳಿಸಿ. ಪ್ರಶ್ನಾವಳಿ ಮಾಡಿದೋರ ಅನುಮತಿ ತಗೊಳ್ಳಿ, ಎಷ್ಟೋ ಪ್ರಶ್ನಾವಳಿಗೆ ಪರೀಕ್ಷಿಸಿದ ಕನ್ನಡ ರೂಪ ಆಗ್ಲೇ ಇರತ್ತೆ, ಮೊದಲು ಅದನ್ನ ಹುಡುಕಿ. ಹಳೇ 40 ಫಾರಂ ಪೈಲಟ್, ಅಂದ್ರೆ ಪೂರ್ವಪ್ರಯೋಗ, ಅಂತ ಇರ್ಲಿ, ಹೊಸದಕ್ಕೆ ಸೇರಿಸಬೇಡಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ನನ್ನ ಕ್ಲಾಸಿನ ಮಕ್ಕಳ ಪರೀಕ್ಷಾ ಭಯದ ಬಗ್ಗೆ ನಾನೇ ಅಧ್ಯಯನ ಮಾಡಬಹುದಾ?
(ಶಿಕಾರಿಪುರ)

ಉತ್ತರ: ಮಾಡಬಹುದು, ಆದ್ರೆ ಒಪ್ಪಿಗೆಯನ್ನ ನೀವು ಕೇಳಬೇಡಿ. ಮಾರ್ಕ್ಸ್ ಕೊಡೋ ಮಿಸ್ಸಿಗೆ ಯಾವ ಮಗು ಬೇಡ ಅನ್ನತ್ತೆ? ಬೇರೆ ಶಾಲೆಯೋರು ಯಾರಾದ್ರೂ ಕೇಳ್ಲಿ, ಯಾರು ಒಪ್ಪಿದ್ರು ಯಾರು ಬಿಟ್ರು ಅಂತ ನಿಮಗೆ ಗೊತ್ತಾಗದಿರ್ಲಿ. ತಂದೆ ತಾಯಿ ಒಪ್ಪಿಗೆ ಜೊತೆ ಮಗೂದೂ ಬೇಕು, ಐಸಿಎಂಆರ್ ಪ್ರಕಾರ 7ರಿಂದ 12 ವರ್ಷದೋರ ಹತ್ರ ಬಾಯಿಮಾತಲ್ಲಿ, 12ರಿಂದ 18ರೋರ ಹತ್ರ ಬರವಣಿಗೇಲಿ. ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದ ಹಾಗೆ ನೋಡ್ಕೊಳ್ಳೋ ಎಥಿಕ್ಸ್ ಕಮಿಟಿಯ ಅನುಮತಿ ಶುರು ಮಾಡೋಕೆ ಮೊದಲೇ ಬೇಕು, ಆಮೇಲೆ ತಗೊಂಡ್ರೆ ನಡೆಯಲ್ಲ.

ಪ್ರಶ್ನೆ: ಪ್ರಾಜೆಕ್ಟ್ ಮುಗೀತು, ಹಾಸ್ಟೆಲ್ ರೂಮ್ ಖಾಲಿ ಮಾಡ್ತಿದೀವಿ. ತುಂಬಿದ ಫಾರಂ ಒಂದು ಚೀಲ ಇದೆ, ಏನ್ಮಾಡೋದು?
(ಇಬ್ಬರು ವಿದ್ಯಾರ್ಥಿಗಳು, ಶಿವಮೊಗ್ಗ)

ಉತ್ತರ: ರದ್ದಿಗೆ ಮಾತ್ರ ಹಾಕ್ಬೇಡಿ. ಕೆಲವು ವರ್ಷದ ಹಿಂದೆ ಬಸ್ಸಿಗೆ ಕಾಯ್ತಾ ಶೇಂಗಾ ತಗೊಂಡಿದ್ದೆ, ಪೊಟ್ಟಣ ಬಿಚ್ಚಿದ್ರೆ ಒಳಗೆ ತುಂಬಿದ ಪ್ರಶ್ನಾವಳಿ. ಹೆಸರು, ಊರು, ವಯಸ್ಸು, ಗಂಡ ಕುಡೀತಾರಾ ಅನ್ನೋದಕ್ಕೆ ಹೌದು, ಹೊಡೀತಾರಾ ಅನ್ನೋದಕ್ಕೆ ನೀಲಿ ಪೆನ್ನಲ್ಲಿ ಟಿಕ್. ಶೇಂಗಾ ಹಾಗೇ ಬ್ಯಾಗಿಗೆ ಸುರ್ಕೊಂಡು ಆ ಹಾಳೆ ಮನೆಗೆ ತಂದು ಸುಟ್ಟೆ. ಆ ಹೆಂಗಸು ಯಾರನ್ನ ನಂಬಿ ಅಷ್ಟು ಹೇಳಿದ್ಲೋ.

ಹೆಸರಿರೋ ಹಾಳೆ ಬೇರೆ ಮಾಡಿ, ಫಾರಂ ಮೇಲೆ ಬರೀ ನಂಬರ್ ಇರ್ಲಿ, ಯಾವ ನಂಬರ್ ಯಾರದ್ದು ಅನ್ನೋ ಪಟ್ಟಿ ಗೈಡ್ ಹತ್ರ ಬೀಗದಲ್ಲಿ. ರಿಪೋರ್ಟಲ್ಲಿ ಊರಿನ ಹೆಸರೂ ಬೇಡ. ಎಂಟು ಮನೆ ಇರೋ ಹಳ್ಳೀಲಿ "58 ವರ್ಷದ ಬೆಳೆಗಾರ, ಒಬ್ಬನೇ ಮಗ ಬೆಂಗಳೂರಲ್ಲಿ" ಅಂತ ಬರೆದ್ರೆ ಹೆಸರು ಬರೆದ ಹಾಗೇ. ಕ್ಯಾಸನೂರು ಅನ್ನೋ ಊರಿನ ಹೆಸರು 1957ರಲ್ಲಿ ಮಂಗನ ಕಾಯಿಲೆಗೆ ಅಂಟ್ಕೊಂಡಿದ್ದು ಇವತ್ತಿಗೂ ಬಿಟ್ಟಿಲ್ಲ. ಫಾರಂ ಎಷ್ಟು ವರ್ಷ ಇಟ್ಕೋಬೇಕು ಅಂತ ನಿಮ್ಮ ಕಮಿಟಿ ನಿಯಮದಲ್ಲಿ ಇರತ್ತೆ, ಅಲ್ಲಿ ತನಕ ಡಿಪಾರ್ಟ್‌ಮೆಂಟ್ ಬೀರುವಲ್ಲಿರ್ಲಿ. ಅವಧಿ ಮುಗಿದ ಮೇಲೆ ಯಾರದ್ದಾದ್ರೂ ಮನೆಯ ಬಚ್ಚಲ ಒಲೆಗೆ ನೀವೇ ಹಾಕಿ, ಪೂರ್ತಿ ಬೂದಿ ಆಗೋ ತನಕ ಅಲ್ಲೇ ನಿಂತಿರಿ.